ಹ್ಯಾಂಗರ್ ಮಾಡಿದ ಕೈ

1977ನೇ ಇಸವಿ. ಜಪಾನಿನ ಕ್ಯೋಟೊ ನಗರದಲ್ಲಿ ಆಟಿಕೆ ಕಂಪನಿಯೊಂದರ ಅಧ್ಯಕ್ಷರ ಕೋಣೆಗೆ ಇಪ್ಪತ್ನಾಲ್ಕು ವರ್ಷದ ಯುವಕನೊಬ್ಬ ಕೆಲಸ ಕೇಳಿಕೊಂಡು ಬಂದ. ಸ್ವಂತವಾಗಿ ಮಾಡಿದ್ದೇನಾದರೂ ಇದ್ದರೆ ತಂದು ತೋರಿಸು ಎಂದು ಹಿಂದಿನ ಭೇಟಿಯಲ್ಲಿ ಹೇಳಿ ಕಳಿಸಿದ್ದರು. ಅವನು ತಂದದ್ದು ಮಕ್ಕಳ ಬಟ್ಟೆ ನೇತುಹಾಕುವ ಹ್ಯಾಂಗರುಗಳನ್ನು. ಆನೆಯ ಆಕಾರದ್ದೊಂದು, ಹಕ್ಕಿಯ ಆಕಾರದ್ದೊಂದು. ಮಾಮೂಲಿ ಹ್ಯಾಂಗರಿನ ತುದಿ ಚೂಪು, ಪುಟ್ಟ ಮಕ್ಕಳಿಗೆ ಚುಚ್ಚುತ್ತದೆ, ನೋಡಲೂ ಅವರಿಗೆ ಇಷ್ಟವಾಗುವುದಿಲ್ಲ. ಅದಕ್ಕೇ ಅವರ ಕೈಗೆ ಒಗ್ಗುವಂಥದ್ದನ್ನು ಮಾಡಿದೆ ಎಂಬುದು ಅವನ ವಿವರಣೆ. ಕೆಲಸ ಸಿಕ್ಕಿತು.

ಆ ಯುವಕ ಶಿಗೆರು ಮಿಯಾಮೊಟೊ. ಕಂಪನಿ ನಿಂಟೆಂಡೊ. ಮುಂದೆ ನಾಲ್ಕು ವರ್ಷಕ್ಕೆ ಅವರಿಂದ ‘ಡಾಂಕಿ ಕಾಂಗ್’ ಬಂತು, ಎಂಟು ವರ್ಷಕ್ಕೆ ‘ಸೂಪರ್ ಮಾರಿಯೊ ಬ್ರದರ್ಸ್’ ಬಂತು, ಅದರ ಮರುವರ್ಷ ‘ದಿ ಲೆಜೆಂಡ್ ಆಫ್ ಜೆಲ್ಡಾ’ ಬಂತು. ವಿಡಿಯೊ ಗೇಮ್ ಎಂಬ ಹೊಸ ಕಲೆಗೆ ವ್ಯಾಕರಣ ಕಟ್ಟಿಕೊಟ್ಟವರಲ್ಲಿ ಅವರ ಹೆಸರು ಮೊದಲ ಸಾಲಿನಲ್ಲಿದೆ. 2019ರಲ್ಲಿ ಜಪಾನ್ ಸರ್ಕಾರ ಅವರನ್ನು ಸಂಸ್ಕೃತಿಗೆ ಕೊಡುಗೆ ಕೊಟ್ಟ ಗಣ್ಯರ ಸಾಲಿಗೆ ಸೇರಿಸಿ ಗೌರವಿಸಿತು.

ಅವರ ಹೆಸರು ಬಂದಾಗೆಲ್ಲ ಕೋಟಿಗಟ್ಟಲೆ ಮಾರಾಟದ ಲೆಕ್ಕ, ಸಿನಿಮಾ, ಥೀಮ್ ಪಾರ್ಕ್ ಇಂಥವುಗಳ ಮಾತು ಬರುತ್ತದೆ. ನನ್ನ ಮನಸ್ಸು ಮಾತ್ರ ಆ ಮೊದಲ ಎಂಟು ವರ್ಷಗಳ ಸುತ್ತಲೇ ತಿರುಗುತ್ತದೆ. ಯಂತ್ರದ ಒಳಗಿನ ವಿದ್ಯೆ ಕಲಿಯದ, ಪ್ರೋಗ್ರಾಮ್ ಬರೆಯದ ಒಬ್ಬ ಚಿತ್ರಕಾರ ಇಷ್ಟನ್ನು ಮಾಡಿದ್ದು ಹೇಗೆ? ಅದರ ಸುಳಿವು ಆ ಹ್ಯಾಂಗರಿನಲ್ಲೇ ಇದೆ. ವಸ್ತುವನ್ನು ಮಾಡುವುದಕ್ಕೆ ಮೊದಲು ಅದನ್ನು ಹಿಡಿಯುವ ಕೈಯನ್ನು ನೆನೆದುಕೊಳ್ಳುವುದು. ಅವರ ಮುಂದಿನ ಕೆಲಸವೆಲ್ಲ ಈ ಒಂದು ಅಭ್ಯಾಸದ ವಿಸ್ತಾರ ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಮಿಯಾಮೊಟೊ ಹುಟ್ಟಿದ್ದು 1952ರ ನವೆಂಬರ್ 16ರಂದು, ಕ್ಯೋಟೊ ಪ್ರಾಂತದ ಸೊನೊಬೆ ಎಂಬ ಸಣ್ಣ ಊರಿನಲ್ಲಿ. ಸುತ್ತ ಗುಡ್ಡ, ಕಾಡು, ಹೊಳೆ. ಶಾಲೆ ಬಿಟ್ಟರೆ ತಿರುಗಾಟ. ಒಂದು ದಿನ ಹೀಗೇ ಅಲೆಯುವಾಗ ಗುಹೆಯೊಂದರ ಬಾಯಿ ಕಣ್ಣಿಗೆ ಬಿತ್ತು. ಒಳಗೆ ಕಗ್ಗತ್ತಲು, ಹೋಗಲು ಭಯ. ಆದರೂ ಆ ಕತ್ತಲು ಅವರನ್ನು ಬಿಡಲಿಲ್ಲ. ಕೊನೆಗೆ ಕೈಯಲ್ಲೊಂದು ದೀಪ ಹಿಡಿದು ಒಳಗೆ ಹೋದರು. ಈ ಕಥೆಯನ್ನು ಅವರು ಮುಂದೆ ಎಷ್ಟೋ ಸಂದರ್ಶನಗಳಲ್ಲಿ ಹೇಳಿದ್ದಾರೆ.

ಚಿಕ್ಕಂದಿನಲ್ಲಿ ಗೊಂಬೆ ಮಾಡುವುದು, ಚಿತ್ರ ಬರೆಯುವುದು, ಮುಂದೆ ಮಂಗಾ ಕಥೆಗಾರನಾಗಬೇಕೆಂಬ ಆಸೆ. ಕನಜಾವಾ ನಗರದ ಕಲಾ ಕಾಲೇಜಿನಲ್ಲಿ ಕೈಗಾರಿಕಾ ವಿನ್ಯಾಸ ಓದಿದರು. ಸಂಗೀತ, ಚಿತ್ರ, ಓಡಾಟ ಎಂದು ಕಳೆದು ಪದವಿ ಮುಗಿಸಲು ಐದು ವರ್ಷ ಹಿಡಿಯಿತು. ಕೆಲಸ ಕೈಯಲ್ಲಿರಲಿಲ್ಲ. ತಂದೆ ತಮಗೆ ಗೊತ್ತಿದ್ದವರ ಮೂಲಕ ನಿಂಟೆಂಡೊ ಅಧ್ಯಕ್ಷ ಹಿರೋಶಿ ಯಮೌಚಿ ಅವರ ಭೇಟಿಗೆ ಅವಕಾಶ ಮಾಡಿಸಿದರು.

ಆಗಿನ ನಿಂಟೆಂಡೊ ಇವತ್ತಿನ ನಿಂಟೆಂಡೊ ಅಲ್ಲ. 1889ರಲ್ಲಿ ಫುಸಜಿರೊ ಯಮೌಚಿ ಎಂಬುವರು ಕ್ಯೋಟೊದಲ್ಲಿ ತೆರೆದ ಇಸ್ಪೀಟೆಲೆಯ ಅಂಗಡಿ ಅದು. ಹನಫುಡ ಎಂಬ ಹೂವಿನ ಚಿತ್ರದ ಎಲೆಗಳು. ಹನ್ನೆರಡು ತಿಂಗಳಿಗೆ ಹನ್ನೆರಡು ಗಿಡ, ಒಟ್ಟು 48 ಎಲೆ. ಅವರ ಮರಿಮಗ ಹಿರೋಶಿ 1949ರಲ್ಲಿ, ಚಿಕ್ಕ ವಯಸ್ಸಿಗೇ ಕಂಪನಿಯ ಹೊಣೆ ಹೊತ್ತರು. ಎಲೆಗಳಿಂದ ಆಟಿಕೆಗೆ, ಆಟಿಕೆಯಿಂದ ಎಲೆಕ್ಟ್ರಾನಿಕ್ ಆಟಕ್ಕೆ ಕಂಪನಿ ಹೊರಳಿದ್ದು ಅವರ ಕಾಲದಲ್ಲಿ. ಎಲೆ ಮಾಡುವ ಯಂತ್ರಗಳನ್ನು ನೋಡಿಕೊಳ್ಳಲು 1965ರಲ್ಲಿ ಸೇರಿದ್ದ ಗುನ್ಪೇ ಯೊಕೊಯ್ ಎಂಬ ಎಂಜಿನಿಯರ್ ಬಿಡುವಿನ ವೇಳೆಯಲ್ಲಿ ಮಾಡಿಕೊಂಡಿದ್ದ ಉದ್ದ ಚಾಚುವ ಆಟಿಕೆ ಕೈಯನ್ನು ಯಮೌಚಿ ನೋಡಿ, ಇದನ್ನೇ ಮಾರೋಣ ಎಂದಿದ್ದರು. ಹ್ಯಾಂಗರ್ ತಂದ ಹುಡುಗನಲ್ಲೂ ಅಂಥದ್ದೇ ಏನನ್ನೋ ಅವರು ಕಂಡಿರಬೇಕು. ಕಂಪನಿಗೆ ಆಗ ಬೇಕಿದ್ದದ್ದು ಎಂಜಿನಿಯರುಗಳು. ಆದರೂ ಚಿತ್ರ ಬರೆಯುವವನನ್ನು ಯೋಜನಾ ವಿಭಾಗಕ್ಕೆ ಸೇರಿಸಿಕೊಂಡರು.

ಮೊದಲ ಮೂರು ನಾಲ್ಕು ವರ್ಷ ಮಿಯಾಮೊಟೊ ಮಾಡಿದ್ದು ಬೇರೆಯವರ ಆಟಗಳಿಗೆ ಅಂದ ಕೊಡುವ ಕೆಲಸ. ಟಿವಿಗೆ ಜೋಡಿಸಿ ಆಡುವ ಯಂತ್ರಗಳಿಗೆ ಹೊರಮೈ ರೂಪಿಸಿದರು. 1979ರ ‘ಬ್ಲಾಕ್ ಕುಜುಶಿ’ ಯಂತ್ರದ ಹೊರಕವಚ ಅವರದ್ದೇ. ಅಂಗಡಿ, ಬಾರುಗಳಲ್ಲಿ ನಿಲ್ಲಿಸುತ್ತಿದ್ದ ಆಳೆತ್ತರದ ಆಟದ ಪೆಟ್ಟಿಗೆಗಳಿಗೆ ಚಿತ್ರ ಬರೆದರು. ಇದನ್ನು ಕಾದು ಕೂತ ಕಾಲ ಎಂದು ಯಾರಾದರೂ ಕರೆದರೆ ನಾನು ಒಪ್ಪುವುದಿಲ್ಲ. ಯಂತ್ರದ ಗುಂಡಿ ಹೆಬ್ಬೆರಳಿಗೆ ಎಟುಕುತ್ತದೆಯೇ, ದೂರದಿಂದ ನಡೆದು ಬರುವವನ ಕಣ್ಣನ್ನು ಪೆಟ್ಟಿಗೆಯ ಯಾವ ಬಣ್ಣ ಹಿಡಿದು ನಿಲ್ಲಿಸುತ್ತದೆ ಎಂಬುದನ್ನು ಕಲಿಯಲು ಅದಕ್ಕಿಂತ ಒಳ್ಳೆಯ ಶಾಲೆ ಇನ್ನೊಂದಿಲ್ಲ.

ಈ ಮಾತನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ನಮ್ಮ ಬೆಂಗಳೂರಿನಲ್ಲಿ 1997ರಲ್ಲಿ ಧ್ರುವ ಇಂಟರಾಕ್ಟಿವ್ ಎಂಬ ವಿಡಿಯೊ ಗೇಮ್ ಕಂಪನಿ ಶುರುವಾದಂದಿನಿಂದ ಇಲ್ಲಿಯವರೆಗೆ ಎಷ್ಟೋ ಯುವಕ ಯುವತಿಯರು ಹೊರದೇಶದ ಆಟಗಳಿಗಾಗಿ ಮರ, ಕಾರು, ಕಟ್ಟಡ, ಕವಚಗಳನ್ನು ಕಂಪ್ಯೂಟರಿನಲ್ಲಿ ಬರೆದು ಕಳಿಸುತ್ತ ಬಂದಿದ್ದಾರೆ. ಆಟದ ಕೊನೆಯಲ್ಲಿ ಉರುಳುವ ನೂರಾರು ಹೆಸರುಗಳ ನಡುವೆ ಅವರ ಹೆಸರು ಹುಡುಕಬೇಕು. ಮತ್ತೊಬ್ಬರ ಆಟಕ್ಕೆ ಬಣ್ಣ ಬಳಿಯುತ್ತಿದ್ದೇನೆ ಎಂದು ಬೇಸರಪಡುವವರಿಗೆ ಮಿಯಾಮೊಟೊ ಅವರ ಈ ವರ್ಷಗಳು ಗೊತ್ತಿರಬೇಕು. ಆಟ ಎಂಬುದು ಆಡುವವರಿಗೆ ಹೇಗೆ ಮುಟ್ಟುತ್ತದೆ ಎಂದು ಅವರು ಕಲಿತದ್ದು ಅಲ್ಲಿ.

1978ರಲ್ಲಿ ಟೈಟೊ ಕಂಪನಿಯ ‘ಸ್ಪೇಸ್ ಇನ್ವೇಡರ್ಸ್’ ಜಪಾನನ್ನು ಹುಚ್ಚೆಬ್ಬಿಸಿತ್ತು. ಎಲ್ಲರೂ ಆಕಾಶದಲ್ಲಿ ಗುಂಡು ಹಾರಿಸುವ ಆಟಗಳನ್ನೇ ಮಾಡುತ್ತಿದ್ದರು. ನಿಂಟೆಂಡೊ ಕೂಡ ‘ರಾಡಾರ್ ಸ್ಕೋಪ್’ ಎಂಬುದನ್ನು ಮಾಡಿತು. 1980ರಲ್ಲಿ ಅಮೆರಿಕದಲ್ಲಿ ಶಾಖೆ ತೆರೆದು, ಯಮೌಚಿ ಅಳಿಯ ಮಿನೊರು ಅರಕಾವಾ ಅದರ ಹೊಣೆ ಹೊತ್ತರು. ಅವರು ಧೈರ್ಯ ಮಾಡಿ ‘ರಾಡಾರ್ ಸ್ಕೋಪ್’ನ 3,000 ಪೆಟ್ಟಿಗೆಗಳನ್ನು ತರಿಸಿದರು. ಹಡಗು ತಿಂಗಳುಗಟ್ಟಲೆ ದಾರಿಯಲ್ಲಿ ಕಳೆಯಿತು. ಪೆಟ್ಟಿಗೆಗಳು ಬಂದು ಇಳಿಯುವ ಹೊತ್ತಿಗೆ ಆ ಬಗೆಯ ಆಟದ ಮೇಲಿನ ಮೋಹ ಇಳಿದಿತ್ತು. ಮಾರಾಟವಾದದ್ದು ಸುಮಾರು ಸಾವಿರ. ಉಳಿದ ಎರಡು ಸಾವಿರ ಗೋದಾಮಿನಲ್ಲಿ ದೂಳು ಹಿಡಿಯುತ್ತ ಕೂತವು. ಹೊಸ ಶಾಖೆ ಮುಳುಗುವ ಹಾದಿ ಹಿಡಿಯಿತು.

ಯಮೌಚಿ ಒಂದು ಉಪಾಯ ಮಾಡಿದರು. ಪೆಟ್ಟಿಗೆ, ಪರದೆ, ಒಳಗಿನ ಬೋರ್ಡು ಹೇಗೂ ಇವೆ. ಅವುಗಳಲ್ಲೇ ಓಡುವ ಬೇರೆ ಆಟ ಮಾಡಿದರೆ ಎಲ್ಲವನ್ನೂ ಮತ್ತೆ ಮಾರಬಹುದು. ಆ ಕೆಲಸ ಅಲ್ಲಿಯವರೆಗೆ ಒಂದು ಆಟವನ್ನೂ ಪೂರ್ತಿ ಮಾಡಿರದ ಮಿಯಾಮೊಟೊ ಅವರ ಪಾಲಿಗೆ ಬಂತು. ಮೇಲ್ವಿಚಾರಣೆಗೆ ಅದೇ ಗುನ್ಪೇ ಯೊಕೊಯ್.

ಮೊದಲು ಅಂದುಕೊಂಡದ್ದು ‘ಪಾಪಾಯ್’ ಕಾರ್ಟೂನಿನ ಪಾತ್ರಗಳನ್ನು ಇಟ್ಟುಕೊಂಡು ಆಟ ಕಟ್ಟೋಣ ಎಂದು. ನಾವಿಕ ಪಾಪಾಯ್, ಅವನ ಪ್ರಿಯೆ, ಅವಳನ್ನು ಎಳೆದೊಯ್ಯುವ ಧಡಿಯ. ಆಗ ಅದರ ಹಕ್ಕು ಸಿಗಲಿಲ್ಲ. ಪಾತ್ರಗಳು ಹೋದವು, ಸಂಬಂಧ ಉಳಿಯಿತು. ಧಡಿಯನ ಜಾಗಕ್ಕೆ ದೊಡ್ಡದೊಂದು ಗೋರಿಲ್ಲಾ ಬಂತು, ನಾವಿಕನ ಜಾಗಕ್ಕೆ ಒಬ್ಬ ಬಡಗಿ. ಮುಂದಿನ ವರ್ಷವೇ ಹಕ್ಕು ಸಿಕ್ಕಿ ನಿಂಟೆಂಡೊ ‘ಪಾಪಾಯ್’ ಆಟವನ್ನೂ ತಂದಿತು. ಆದರೆ ಜಗತ್ತು ನೆನಪಿಟ್ಟುಕೊಂಡದ್ದು ಹಕ್ಕು ಸಿಗದಿದ್ದಾಗ ಹುಟ್ಟಿದ ಬಡಗಿಯನ್ನು.

ಆ ಬಡಗಿಯ ಮುಖವನ್ನು ಸ್ವಲ್ಪ ಹತ್ತಿರದಿಂದ ನೋಡಿ. ಚಿತ್ರಕಾರನಿಗೆ ಕೊಟ್ಟಿದ್ದ ಜಾಗ ಅಡ್ಡಕ್ಕೆ ಹದಿನಾರು, ಉದ್ದಕ್ಕೆ ಹದಿನಾರು ಚುಕ್ಕಿ. ಬಣ್ಣ ಮೂರು. ಅಷ್ಟರಲ್ಲಿ ಮನುಷ್ಯ ಕಾಣಬೇಕು. ಬಾಯಿ ಬರೆಯಲು ಚುಕ್ಕಿ ಸಾಲದು. ದಪ್ಪ ಮೂಗು ಬರೆದು ಅದರ ಕೆಳಗೆ ಮೀಸೆ ಇಟ್ಟರು. ಮೂಗು ಎಲ್ಲಿ ಮುಗಿಯಿತು, ಗಲ್ಲ ಎಲ್ಲಿ ಶುರುವಾಯಿತು ಎಂದು ಮೀಸೆಯೇ ಹೇಳಿತು. ಓಡುವಾಗ, ಬೀಳುವಾಗ ಕೂದಲು ಹಾರಾಡಬೇಕಲ್ಲ, ಅದಕ್ಕೆ ಜಾಗವಿಲ್ಲ. ತಲೆಗೊಂದು ಟೋಪಿ ಹಾಕಿದರು. ಓಡುವಾಗ ಕೈ ಬೀಸುವುದು ಕಾಣಬೇಕಾದರೆ ತೋಳಿನ ಬಣ್ಣ ಬೇರೆ, ಮೈಯ ಬಣ್ಣ ಬೇರೆ ಇರಬೇಕು. ಕೂಲಿಯವರು ಹಾಕುವ, ಭುಜಪಟ್ಟಿಯ ಮೇಲುಡುಗೆ ತೊಡಿಸಿದರು. ಇವತ್ತು ಭೂಮಿಯ ಯಾವ ಮೂಲೆಯ ಮಗುವೂ ಗುರುತು ಹಿಡಿಯುವ ಆ ಮೀಸೆ, ಟೋಪಿ, ಉಡುಗೆ ಮೂರೂ ಜಾಗ ಸಾಲದೆ ಹುಟ್ಟಿದವು. ಕಸೂತಿ ಹಾಕುವವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಬಟ್ಟೆಯ ಎಳೆ ಎಣಿಸಿ ಗೋಪುರ, ತೇರು, ನವಿಲು ತೆಗೆಯುವವರಿಗೆ ಯಾವ ಹೊಲಿಗೆ ಬಿಟ್ಟರೆ ನವಿಲು ನವಿಲಾಗಿ ಉಳಿಯುತ್ತದೆ ಎಂಬುದು ಗೊತ್ತಿರುತ್ತದೆ.

ಇನ್ನು ಆಟ. ಗೋರಿಲ್ಲಾ ಹೆಣ್ಣನ್ನು ಹೊತ್ತು ಕಟ್ಟಡದ ತುದಿಗೆ ಏಣಿ ಹತ್ತುತ್ತದೆ. ಅಲ್ಲಿ ನಿಂತು ಧಡ್ ಧಡ್ ಎಂದು ಕುಪ್ಪಳಿಸುತ್ತದೆ. ಆ ಏಟಿಗೆ ನೆಟ್ಟಗಿದ್ದ ಉಕ್ಕಿನ ತೊಲೆಗಳು ಒಂದೊಂದೇ ಓರೆಯಾಗುತ್ತವೆ. ಒಂದು ಅಕ್ಷರವಿಲ್ಲದೆ, ಕೆಲವೇ ಕ್ಷಣದಲ್ಲಿ ಕಥೆ ತಿಳಿಯಿತು. ಜೊತೆಗೆ ಮುಂದೆ ಪೀಪಾಯಿಗಳು ಯಾಕೆ ಉರುಳಿ ಬರುತ್ತವೆ ಎಂಬುದೂ ತಿಳಿಯಿತು. ತೊಲೆ ಓರೆಯಾದ ಮೇಲೆ ಉರುಳಲೇಬೇಕು. ಉರುಳಿ ಬರುವ ಪೀಪಾಯಿಯ ಎದುರು ನಿಂತವನು ಏನು ಮಾಡುತ್ತಾನೆ? ಹಾರುತ್ತಾನೆ. ಮಿಯಾಮೊಟೊ ತಮ್ಮ ಯೋಚನೆಯನ್ನು ವಿವರಿಸುವುದು ಇಷ್ಟೇ ಸರಳವಾಗಿ. ಒಂದು ಹಿಡಿ, ಒಂದು ಗುಂಡಿ. ಗುಂಡಿ ಒತ್ತಿದರೆ ಹಾರು. ಆ ಜಿಗಿತದಿಂದ ಮುಂದೆ ಆಟಗಳ ದೊಡ್ಡದೊಂದು ಕುಲವೇ ಬೆಳೆಯಿತು. ಬಡಗಿಗೆ ಆರಂಭದಲ್ಲಿದ್ದ ಹೆಸರೊಂದು ಕೂಡ ‘ಜಂಪ್‌ಮ್ಯಾನ್’.

ಒಂದೇ ನೋಟ ಮತ್ತೆ ಮತ್ತೆ ಬರುವುದು ಆಗಿನ ಪದ್ಧತಿ. ಮಿಯಾಮೊಟೊ ನಾಲ್ಕು ಬೇರೆ ಬೇರೆ ಹಂತ ಬೇಕೆಂದರು. ಪ್ರೋಗ್ರಾಮ್ ಬರೆಯುವವರಿಗೆ ಅದು ನಾಲ್ಕು ಆಟ ಮಾಡಿದಷ್ಟು ಕೆಲಸ. ಅದನ್ನು ಬರೆದವರು ಇಕೆಗಾಮಿ ಎಂಬ ಇನ್ನೊಂದು ಕಂಪನಿಯ ಎಂಜಿನಿಯರುಗಳು. ಅವರ ಹೆಸರು ಪರದೆಯ ಮೇಲೆ ಎಲ್ಲೂ ಬರಲಿಲ್ಲ. ಪ್ರೋಗ್ರಾಮಿನ ಒಳಗೆ, ಆಡುವವರಿಗೆ ಕಾಣದ ಕಡೆ, ಅವರು ತಮ್ಮ ಕಂಪನಿಯ ಹೆಸರನ್ನು ಬಚ್ಚಿಟ್ಟು ಹೋಗಿದ್ದಾರೆ. ಆಮೇಲೆ ಎರಡು ಕಂಪನಿಗಳೂ ಕೋರ್ಟು ಹತ್ತಿ, 1990ರಲ್ಲಿ ರಾಜಿಯಾದವು. ಒಬ್ಬ ಸೃಷ್ಟಿಕರ್ತನ ಕಥೆ ಹೇಳುವಾಗ ಇಂಥ ಕೈಗಳನ್ನು ಮರೆಯಬಾರದು. ಮಿಯಾಮೊಟೊ ಕಂಡ ಜಿಗಿತವನ್ನು ಯಂತ್ರಕ್ಕೆ ಅರ್ಥ ಮಾಡಿಸಿದವರು ಅವರು.

ಅಮೆರಿಕದ ಶಾಖೆ ಅಷ್ಟರಲ್ಲಿ ಸಿಯಾಟಲ್ ಹತ್ತಿರದ ಟಕ್‌ವಿಲಾಗೆ ಬಂದಿತ್ತು. 1981ರಲ್ಲಿ ಹೊಸ ಆಟದ ಸಾಮಾನು ಬಂದಾಗ ಅರಕಾವಾ, ಅವರ ಪತ್ನಿ, ಬೆರಳೆಣಿಕೆಯ ಸಹೋದ್ಯೋಗಿಗಳು ಗೋದಾಮಿನಲ್ಲಿ ಕೂತು ‘ರಾಡಾರ್ ಸ್ಕೋಪ್’ ಪೆಟ್ಟಿಗೆಗಳನ್ನು ಬಿಚ್ಚಿ, ಬೋರ್ಡಿನ ಚಿಪ್‌ಗಳನ್ನು ಬದಲಿಸಿ, ಹೊಸ ಚಿತ್ರ ಅಂಟಿಸಿದರು. ‘ಡಾಂಕಿ ಕಾಂಗ್’ ಎಂಬ ಹೆಸರು ಕೇಳಿ ಅಲ್ಲಿನವರಿಗೆ ಗಾಬರಿ. ಹಟಮಾರಿ ಗೋರಿಲ್ಲಾ ಎಂಬ ಅರ್ಥ ಬರಲಿ ಎಂದು ಮಿಯಾಮೊಟೊ ಇಟ್ಟ ಹೆಸರದು. ಸಿಯಾಟಲ್‌ನ ಬಾರುಗಳಲ್ಲಿ ಪ್ರಯೋಗಕ್ಕೆ ಇಟ್ಟ ಪೆಟ್ಟಿಗೆಗಳು ನಾಣ್ಯಗಳಿಂದ ತುಂಬತೊಡಗಿದವು. ಎರಡು ಸಾವಿರ ಪೆಟ್ಟಿಗೆ ಖಾಲಿಯಾದವು. ಮುಂದೆ ಅಮೆರಿಕದಲ್ಲಿ ಸುಮಾರು 60,000 ಪೆಟ್ಟಿಗೆ ಮಾರಾಟವಾದವು. ಬಡಗಿಗೆ ಆ ಶಾಖೆಯವರು ಗೋದಾಮಿನ ಮಾಲೀಕ ಮಾರಿಯೊ ಸೆಗಾಲೆ ಅವರ ಹೆಸರಿಟ್ಟರು. 1982ರಲ್ಲಿ ‘ಕಿಂಗ್ ಕಾಂಗ್’ ನಮ್ಮದು ಎಂದು ಯೂನಿವರ್ಸಲ್ ಸ್ಟುಡಿಯೊ ದಾವೆ ಹೂಡಿತು. ಕಿಂಗ್ ಕಾಂಗ್ ಕಥೆ ಸಾರ್ವಜನಿಕರ ಸ್ವತ್ತು ಎಂದು ಹಿಂದೊಮ್ಮೆ ಅದೇ ಸ್ಟುಡಿಯೊ ವಾದಿಸಿದ್ದು ಹೊರಬಂದು ನಿಂಟೆಂಡೊ ಗೆದ್ದಿತು.

1983ರಲ್ಲಿ ‘ಮಾರಿಯೊ ಬ್ರದರ್ಸ್’ ಬಂತು. ಅಲ್ಲಿ ನೆಲದಡಿಯ ಕೊಳವೆಗಳಿದ್ದವು, ಹೀಗಾಗಿ ಬಡಗಿ ಕೊಳಾಯಿ ಕೆಲಸದವನಾದ. ಅದೇ ವರ್ಷ ಜುಲೈ 15ರಂದು ಮನೆಯ ಟಿವಿಗೆ ಜೋಡಿಸುವ ‘ಫ್ಯಾಮಿಕಾಮ್’ ಯಂತ್ರ ಬಂತು. ಅದಕ್ಕಾಗಿ ಮಿಯಾಮೊಟೊ, ತಕಾಶಿ ತೆಜುಕಾ ಮತ್ತು ಅವರ ಬಳಗ ಗ್ರಾಫ್ ಹಾಳೆಯ ಮೇಲೆ ಚೌಕ ಚೌಕವಾಗಿ ಕೈಯಲ್ಲಿ ಬರೆದ ಲೋಕವೇ 1985ರ ಸೆಪ್ಟೆಂಬರ್ 13ರಂದು ಬಂದ ‘ಸೂಪರ್ ಮಾರಿಯೊ ಬ್ರದರ್ಸ್’. ಸಂಗೀತ ಕೋಜಿ ಕೊಂಡೊ ಅವರದು. ಇಡೀ ಆಟ ಕೂತದ್ದು 40 ಕಿಲೊಬೈಟಿನಲ್ಲಿ. ನಿಮ್ಮ ಫೋನಿನಲ್ಲಿ ತೆಗೆದ ಒಂದು ಫೋಟೊ ಅದರ ಎಷ್ಟೋ ಪಟ್ಟು ದೊಡ್ಡದು. ಜಾಗ ಉಳಿಸಲು ಆಕಾಶದ ಮೋಡಕ್ಕೂ ನೆಲದ ಪೊದೆಗೂ ಒಂದೇ ಚಿತ್ರ. ಮೋಡಕ್ಕೆ ಬಿಳಿ, ಪೊದೆಗೆ ಹಸಿರು.

ನಾನು ಈ ಆಟ ಆಡಿದ್ದು ತೊಂಬತ್ತರ ದಶಕದ ಒಂದು ಬೇಸಿಗೆ ರಜೆಯಲ್ಲಿ, ದೊಡ್ಡಮ್ಮನ ಮನೆಯಲ್ಲಿ. ಫ್ಯಾಮಿಕಾಮ್‌ನ ನಕಲು ಪೆಟ್ಟಿಗೆಗಳು ಆಗ ನಮ್ಮ ಪೇಟೆಗಳಲ್ಲಿ ಸಿಗುತ್ತಿದ್ದವು, ಜೊತೆಗೆ ಒಂದರಲ್ಲೇ ಹತ್ತಾರು ಆಟ ತುಂಬಿದ ಕ್ಯಾಸೆಟ್ಟು. ಕನ್ನಡ ಮಾಧ್ಯಮದಲ್ಲಿ ಓದುತ್ತಿದ್ದ ನಮಗೆ ಪರದೆಯ ಮೇಲಿನ ಇಂಗ್ಲಿಷ್ ಅಷ್ಟಕ್ಕಷ್ಟೇ. ಹೇಳಿಕೊಡುವವರೂ ಇರಲಿಲ್ಲ. ಆದರೂ ಐದು ನಿಮಿಷದಲ್ಲಿ ಎಲ್ಲರಿಗೂ ಆಟ ಬಂತು. ಅದು ಹೇಗೆ ಎಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ, ಮಿಯಾಮೊಟೊ ಅವರೇ ವಿವರಿಸಿದ್ದನ್ನು ನೋಡಿದಾಗ.

ಮೊದಲ ನೋಟದಲ್ಲಿ ಮಾರಿಯೊ ಪರದೆಯ ಎಡಕ್ಕೆ ನಿಂತಿದ್ದಾನೆ, ಮುಖ ಬಲಕ್ಕೆ. ಎದುರಿಗೆ ಬಯಲು. ಹೋಗಬೇಕಾದ್ದು ಯಾವ ಕಡೆ ಎಂದು ಕೈಗೆ ತಾನಾಗಿ ತಿಳಿಯುತ್ತದೆ. ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಮೇಲೆ ಪ್ರಶ್ನೆ ಚಿಹ್ನೆಯ ಇಟ್ಟಿಗೆ ಮಿನುಗುತ್ತದೆ, ಕೆಳಗೆ ಕಂದು ಬಣ್ಣದ ಸಿಡುಕು ಮುಖದ ಗೂಂಬಾ ಎದುರು ಬರುತ್ತದೆ. ತಾಗಿದರೆ ಸಾವು, ಆದರೆ ಆಟ ಈಗಷ್ಟೇ ಶುರುವಾದದ್ದು, ನಷ್ಟವೇನಿಲ್ಲ. ಎರಡನೇ ಸಲ ಹಾರುತ್ತೇವೆ. ಇಟ್ಟಿಗೆಗೆ ತಲೆ ಬಡಿದರೆ ಅಣಬೆ ಹೊರಬಂದು ಬಲಕ್ಕೆ ಜಾರಿ, ಕೊಳವೆಗೆ ತಾಗಿ ನಮ್ಮ ಕಡೆಗೇ ತಿರುಗಿ ಬರುತ್ತದೆ. ಗೂಂಬಾ ನೋಡಿ ಹೆದರಿದ್ದ ನಮಗೆ ಇದೂ ಶತ್ರುವೇ ಎಂಬ ಭಯ. ತಪ್ಪಿಸಿಕೊಳ್ಳಲು ಹಾರಿದರೆ ಮೇಲಿನ ಇಟ್ಟಿಗೆಗೆ ತಲೆ ತಾಗಿ ಅಣಬೆಯ ಮೇಲೇ ಬೀಳುತ್ತೇವೆ. ಬಿದ್ದರೆ ಮಾರಿಯೊ ದೊಡ್ಡವನಾಗುತ್ತಾನೆ. ಅಣಬೆ ಒಳ್ಳೆಯದು ಎಂಬ ಪಾಠವೂ ಆಯಿತು. ತಿಳಿಯದೆ ತಪ್ಪು ಮಾಡುವ ಮಗುವಿಗೂ ಒಳ್ಳೆಯದೇ ಆಗುವಂತೆ ಇಟ್ಟಿಗೆಗಳನ್ನು ಜೋಡಿಸಿಟ್ಟಿದ್ದರು.

ಗೂಂಬಾ ಹುಟ್ಟಿದ್ದೂ ಅಂಥದ್ದೇ ಕಾಳಜಿಯಿಂದ. ಮೊದಲು ಇದ್ದದ್ದು ಆಮೆ. ಅದನ್ನು ತುಳಿದು, ಚಿಪ್ಪು ಒದೆಯುವ ಎರಡು ಹಂತ ಹೊಸಬರಿಗೆ ಕಷ್ಟವಾಯಿತು. ಒಂದೇ ತುಳಿತಕ್ಕೆ ಸಾಯುವ ಶತ್ರು ಬೇಕಾಯಿತು. ಅಷ್ಟರಲ್ಲಿ ಯಂತ್ರದ ಜಾಗ ಬಹುಪಾಲು ಮುಗಿದಿತ್ತು. ಒಂದೇ ಚಿತ್ರ ಬರೆದು, ಅದನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಮಗುಚಿ ನಡೆಸಿದರು. ಮಾರಿಯೊನ ಜಿಗಿತವನ್ನೂ ಕೈಗೆ ಒಗ್ಗಿಸಿದರು. ಗುಂಡಿಯನ್ನು ತಟ್ಟನೆ ಬಿಟ್ಟರೆ ಗಿಡ್ಡ ಜಿಗಿತ, ಒತ್ತಿ ಹಿಡಿದರೆ ಎತ್ತರದ್ದು. ಓಡುವವನು ನಿಂತಾಗ ಒಂದಿಷ್ಟು ಜಾರುತ್ತಾನೆ, ಒದ್ದೆ ಅಂಗಳದಲ್ಲಿ ಓಡಿ ನಿಂತ ಹಾಗೆ. ಅದಕ್ಕೇ ದೊಡ್ಡಮ್ಮನ ಮನೆಯಲ್ಲಿ ನಾವೆಲ್ಲ ಮಾರಿಯೊ ಹಾರಿದಾಗ ಕೂತಲ್ಲೇ ರಿಮೋಟು ಎತ್ತಿ ಹಾರುತ್ತಿದ್ದೆವು.

ವಿಡಿಯೊ ಗೇಮಿನ ಬಗ್ಗೆ ನಮ್ಮ ಮನೆಗಳಲ್ಲಿ ನಡೆಯುವ ಮಾತು ಹೆಚ್ಚಾಗಿ ಚಟದ ಬಗ್ಗೆ. ಆ ಚಿಂತೆ ನಿಜವಾದದ್ದೇ. ಆದರೆ ಇದೊಂದು ಕಸುಬು, ಅದರಲ್ಲೂ ಇನ್ನೊಬ್ಬರ ಬಗ್ಗೆ ಕಾಳಜಿಯಿಲ್ಲದೆ ಕೈಗೂಡದ ಕಸುಬು ಎಂಬುದನ್ನು ಮಕ್ಕಳಿಗೆ ಹೇಳುವವರು ಕಡಿಮೆ. ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಚಿತ್ರ ಗೀಚುವ, ಲೆಕ್ಕದಲ್ಲಿ ಹಿಂದುಳಿದ ಹುಡುಗ ಹುಡುಗಿಯರಿಗೆ ಈ ಕಸುಬಿನಲ್ಲಿ ಜಾಗವಿದೆ ಎಂದು ಯಾರಾದರೂ ಹೇಳಬೇಕು. ಕಾಲೇಜು ಮುಗಿಸಲು ಐದು ವರ್ಷ ತೆಗೆದುಕೊಂಡವರೊಬ್ಬರು ಅದರ ದೊಡ್ಡ ಗುರುವಾದರು ಎಂದೂ ಹೇಳಬೇಕು.

‘ಮಾರಿಯೊ’ ಜೊತೆಜೊತೆಗೇ ಅದೇ ಬಳಗ ಇನ್ನೊಂದು ಆಟ ಕಟ್ಟುತ್ತಿತ್ತು. 1986ರ ಫೆಬ್ರುವರಿ 21ರಂದು ಬಂದ ‘ದಿ ಲೆಜೆಂಡ್ ಆಫ್ ಜೆಲ್ಡಾ’. ಅದನ್ನು ಶುರು ಮಾಡಿದ ಕೂಡಲೇ ಕಾಣುವ ನೋಟ ಇದು: ಸುತ್ತ ಗುಡ್ಡ, ನಡುವೆ ಕತ್ತಿಯಿಲ್ಲದೆ ನಿಂತ ಪುಟ್ಟ ಹುಡುಗ. ಮೂರು ಕಡೆ ದಾರಿ ಬಿಟ್ಟಿದೆ. ಗುಡ್ಡದ ಒಂದು ಕಡೆ ಕಪ್ಪಗೆ ಒಂದು ಗುಹೆಯ ಬಾಯಿ. ಒಳಗೆ ಹೋಗು ಎಂದು ಯಾರೂ ಹೇಳುವುದಿಲ್ಲ. ಹೋದರೆ, ಕತ್ತಲಲ್ಲಿ ಎರಡು ಬೆಂಕಿ ಉರಿಯುತ್ತಿವೆ, ನಡುವೆ ನಿಂತ ಮುದುಕನೊಬ್ಬ ಕತ್ತಿ ಕೊಟ್ಟು ಕಳಿಸುತ್ತಾನೆ. ಸೊನೊಬೆಯ ಗುಡ್ಡದಲ್ಲಿ ದೀಪ ಹಿಡಿದು ಒಳಗೆ ಹೋದ ಹುಡುಗ, ಹಿಂದೆ ಬರುವ ಮಕ್ಕಳಿಗಾಗಿ ಆ ಬೆಂಕಿ ಹಚ್ಚಿಟ್ಟು ಬಂದಿದ್ದ.